ಕಂಚಿನ ಬಿಲ್ಲಾಳು

ಮಹಾಭಾರತದ ಆದಿಪರ್ವದಲ್ಲಿ ಒಂದು ದೊಡ್ಡ ಕ್ರೀಡಾಸಮಾರಂಭದ ವರ್ಣನೆಯುಂಟು. ರಾಜಕುಮಾರರ ವಿದ್ಯಾಭ್ಯಾಸ ಮುಗಿಯಿತೆಂದು ದ್ರೋಣಾಚಾರ್ಯರು ಅರಸನಿಗೆ ಬಿನ್ನವಿಸುತ್ತಾರೆ. ಮರಗಿಡಗಳಿಲ್ಲದ ಸಮತಟ್ಟಾದ ಬಯಲೊಂದನ್ನು ಅಳೆಯಿಸಿ ರಂಗಭೂಮಿಯನ್ನು ಸಿದ್ಧಪಡಿಸುತ್ತಾರೆ. ಅರಮನೆಯ ಹೆಂಗಸರಿಗೆ ಬೇರೆ ಅಟ್ಟಣೆ, ಪುರಜನರಿಗೆ ಬೇರೆ ಅಟ್ಟಣೆ. ಏರ್ಪಾಟೆಲ್ಲ ಸೊಗಸಾಗಿದೆ, ಆದರೆ ಸಮಾರಂಭದ ಯಜಮಾನನಾದ ಧೃತರಾಷ್ಟ್ರನಿಗೆ ಕಣ್ಣಿಲ್ಲ, ಗಾಂಧಾರಿಯ ಕಣ್ಣಿಗೆ ಬಟ್ಟೆ. ಆದ್ದರಿಂದ ಅರಸನ ಪಕ್ಕದಲ್ಲಿ ವಿದುರನೂ ಅರಸಿಯ ಪಕ್ಕದಲ್ಲಿ ಕುಂತಿಯೂ ಕುಳಿತು, ರಂಗದಲ್ಲಿ ನಡೆಯುವುದನ್ನೆಲ್ಲ ಬಾಯಿಂದ ವಿವರಿಸುತ್ತಿರುತ್ತಾರೆ. ವೀಕ್ಷಕ ವಿವರಣೆಯ ಮೂಲಪುರುಷ ಸಂಜಯನೆಂದು ನಾವು ವಾಡಿಕೆಯಾಗಿ ಹೇಳುವುದುಂಟು. ಸಂಜಯ ಹೇಳಿದ್ದು ಯುದ್ಧದ ಸುದ್ದಿ. ಆಟದ ಅಂಗಳವನ್ನು ಕಾಣದವರಿಗೆ ಕಾಣಿಸಿದವರು ಅವನಿಗಿಂತ ಮೊದಲೇ ಈ ಇಬ್ಬರು. ಅದರಲ್ಲಿಯೂ ಕುಂತಿಯ ಪಾಡನ್ನು ನೆನೆದರೆ ಮರುಕವಾಗುತ್ತದೆ. ಕರ್ಣನು ರಂಗವನ್ನು ಹೊಕ್ಕು ಅರ್ಜುನನೆದುರು ನಿಂತಾಗ ಆಕೆ ಮೂರ್ಛೆಹೋಗುತ್ತಾಳೆ. ಗಾಂಧಾರಿಯ ಪಾಲಿಗೆ ವಿವರಣೆ ಅಲ್ಲಿಗೇ ನಿಂತಿರಬೇಕು.

ನಮ್ಮ ಮನೆಯಲ್ಲಿ ವಿದುರನ ಕೆಲಸವನ್ನು ದೂರದರ್ಶನ ವಹಿಸಿಕೊಂಡಿದೆ. ವರ್ಷಕ್ಕೊಮ್ಮೆ ರಾಷ್ಟ್ರಪತಿ ಭವನದಲ್ಲಿ ರಾಷ್ಟ್ರೀಯ ಕ್ರೀಡಾಪ್ರಶಸ್ತಿಗಳನ್ನು ಕೊಡುವ ಸಮಾರಂಭವಿದೆಯಲ್ಲ, ಅದರ ಪ್ರಸಾರವನ್ನು ನಮ್ಮ ತಂದೆಯವರು ತಪ್ಪಿಸುವವರಲ್ಲ. ಕ್ರಿಕೆಟ್ ಪಂದ್ಯವನ್ನಾದರೂ ನಡುವೆ ಬಿಟ್ಟು ಹಿತ್ತಿಲಿನ ನುಗ್ಗೆಗಿಡಕ್ಕೆ ನೀರೆರೆಯಲು ಎದ್ದುಹೋಗುತ್ತಾರೆ. ಇದನ್ನು ಮಾತ್ರ ಮೊದಲಿನಿಂದ ಕೊನೆಯವರೆಗೆ ಅಲುಗಾಡದೆ ನೋಡಬೇಕು. ಹಾಗೆ ನೋಡಿದರೆ ಅದರಲ್ಲಿ ಮನರಂಜನೆಯೆಂಬುದು ಏನೇನೂ ಇಲ್ಲ. ಹಾಡಿಲ್ಲ, ಕುಣಿತವಿಲ್ಲ, ನಿರೂಪಕರ ಚೇಷ್ಟೆಯಿಲ್ಲ. ಒಬ್ಬರು ಹೆಸರನ್ನೂ ಸಾಧನೆಯನ್ನೂ ಓದುತ್ತಾರೆ. ಹೊಸ ಕೋಟು ತೊಟ್ಟ ತರುಣನೊಬ್ಬ, ಇಲ್ಲವೆ ಸೀರೆಯುಟ್ಟು ಅಭ್ಯಾಸವಿಲ್ಲದ ತರುಣಿಯೊಬ್ಬಳು, ಎದ್ದು ನಡೆದುಬಂದು ನಮಸ್ಕರಿಸಿ ಒಂದು ಪುಟ್ಟ ಪ್ರತಿಮೆಯನ್ನೂ ಒಂದು ಪ್ರಶಸ್ತಿಪತ್ರವನ್ನೂ ಸ್ವೀಕರಿಸಿ, ಛಾಯಾಚಿತ್ರಕ್ಕೆ ಒಂದು ಗಳಿಗೆ ನಿಂತು, ಬಂದ ದಾರಿಯಲ್ಲಿ ಹಿಂದಿರುಗುವರು. ಮತ್ತೊಂದು ಹೆಸರು, ಮತ್ತೊಂದು ನಮಸ್ಕಾರ. ನನ್ನ ಹೆಂಡತಿಗೆ ಇದು ಮದುವೆಮನೆಯಲ್ಲಿ ಉಡುಗೊರೆ ಕೊಡುವವರ ಸಾಲಿನಂತೆ ಕಾಣುತ್ತದಂತೆ. ಇಲ್ಲಿ ಊಟವೊಂದು ಕಡಿಮೆ ಎನ್ನುತ್ತಾಳೆ.

ತಂದೆಯವರಿಗೆ ಅದು ಹಾಗಲ್ಲ. ಅವರು ಹೋಬಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ದೈಹಿಕ ಶಿಕ್ಷಕರಾಗಿದ್ದವರು. ಊರಿನವರ ಬಾಯಲ್ಲಿ ‘ಡ್ರಿಲ್ ಮೇಷ್ಟ್ರು’. ಒಂದು ಸೀಟಿ, ಒಂದು ಅಳತೆಯ ಟೇಪು, ಎರಡು ವಾಲಿಬಾಲ್, ಗೆರೆ ಎಳೆಯಲು ಒಂದು ಡಬ್ಬ ಸುಣ್ಣದ ಪುಡಿ: ಇಷ್ಟು ಅವರ ಸಂಸ್ಥಾನ. ಪರೀಕ್ಷೆ ಹತ್ತಿರ ಬಂದಾಗ ಅವರ ಪೀರಿಯಡ್ಡನ್ನು ಗಣಿತದ ಮೇಷ್ಟ್ರು ಕಿತ್ತುಕೊಳ್ಳುತ್ತಿದ್ದರು. ಗಣರಾಜ್ಯೋತ್ಸವ ಹತ್ತಿರ ಬಂದಾಗ ಇಡೀ ಶಾಲೆಯೇ ಅವರ ವಶಕ್ಕೆ ಬರುತ್ತಿತ್ತು. ಇಂಥವರ ಮಗನಾದ ನಾನು ನೇರವಾಗಿ ಓಡಲೂ ಬಾರದೆ ಕನ್ನಡ ಎಂ.ಎ. ಮಾಡಿದುದನ್ನು ಅವರು ತುಂಬ ಸಂಯಮದಿಂದ ಸಹಿಸಿಕೊಂಡಿದ್ದಾರೆ.

ಅರ್ಜುನ ಪ್ರಶಸ್ತಿ ಆರಂಭವಾದದ್ದು 1961ರಲ್ಲಿ. ಆ ಮೊದಲ ಪಟ್ಟಿಯನ್ನು ನೋಡಿದರೆ ಇಂದಿಗೂ ಗೌರವ ಹುಟ್ಟುತ್ತದೆ: ಕ್ರಿಕೆಟ್ಟಿನ ಸಲೀಂ ದುರಾನಿ, ಫುಟ್‌ಬಾಲಿನ ಪಿ.ಕೆ. ಬ್ಯಾನರ್ಜಿ, ಟೆನ್ನಿಸ್ಸಿನ ರಾಮನಾಥನ್ ಕೃಷ್ಣನ್, ಬ್ಯಾಡ್ಮಿಂಟನ್ನಿನ ನಂದು ನಾಟೇಕರ್, ಚದುರಂಗದ ಮ್ಯಾನ್ಯುಯಲ್ ಆರನ್, ಹಾಕಿಯ ಪೃಥಿಪಾಲ್ ಸಿಂಗ್. ಗುರುಗಳನ್ನೂ ಗೌರವಿಸಬೇಕೆಂಬ ಯೋಚನೆ ಬರಲು ಸರ್ಕಾರಕ್ಕೆ ಇಪ್ಪತ್ತನಾಲ್ಕು ವರ್ಷ ಹಿಡಿಯಿತು. ದ್ರೋಣಾಚಾರ್ಯ ಪ್ರಶಸ್ತಿ ಬಂದದ್ದು 1985ರಲ್ಲಿ. ಅದನ್ನು ಮೊದಲ ವರ್ಷವೇ ಪಡೆದವರಲ್ಲಿ ಪಿ.ಟಿ. ಉಷಾ ಅವರ ಗುರು ಓ.ಎಂ. ನಂಬಿಯಾರ್ ಒಬ್ಬರು. ಎಲ್ಲಕ್ಕಿಂತ ಹಿರಿದಾದ ಖೇಲ್ ರತ್ನ 1991-92ರಲ್ಲಿ ಪ್ರಾರಂಭವಾಗಿ ಮೊದಲಿಗೆ ವಿಶ್ವನಾಥನ್ ಆನಂದರಿಗೆ ಸಂದಿತು. 2021ರ ಆಗಸ್ಟಿನಲ್ಲಿ ಅದಕ್ಕೆ ಮೇಜರ್ ಧ್ಯಾನ್ ಚಂದ್ ಅವರ ಹೆಸರನ್ನಿಟ್ಟರು. 2020ರಲ್ಲಿ ಹೆಚ್ಚಿಸಿದ ಮೇಲೆ ಖೇಲ್ ರತ್ನಕ್ಕೆ 25 ಲಕ್ಷ ರೂಪಾಯಿ, ಅರ್ಜುನಕ್ಕೆ 15 ಲಕ್ಷ.

ಧ್ಯಾನ್ ಚಂದ್ ಹುಟ್ಟಿದ್ದು 1905ರ ಆಗಸ್ಟ್ 29. ಆ ದಿನವೇ ಪ್ರಶಸ್ತಿಪ್ರದಾನ ಮಾಡುವುದು ಬಹುಕಾಲದ ಸಂಪ್ರದಾಯವಾಗಿತ್ತು. 2020ರಲ್ಲಿ, ಮಹಾಮಾರಿಯ ನಡುವೆಯೂ, ದಿನವನ್ನು ಬಿಡಲಿಲ್ಲ. ಪುರಸ್ಕೃತರು ಬೆಂಗಳೂರೇ ಮೊದಲಾದ ಊರುಗಳ ಕ್ರೀಡಾಕೇಂದ್ರಗಳಲ್ಲಿ ನೆರೆದು, ಪರದೆಯ ಮೇಲಿನ ರಾಷ್ಟ್ರಪತಿಗಳಿಗೆ ನಮಸ್ಕರಿಸಿದರು. ಆಮೇಲೆ ಮಾತ್ರ ದಿನ ಜಾರತೊಡಗಿತು. ಒಂದು ವರ್ಷ ಟೋಕಿಯೊ ಪ್ಯಾರಾಲಿಂಪಿಕ್ಸ್ ಮುಗಿಯಲೆಂದು ಕಾದರು, ಒಂದು ವರ್ಷ ಹಾಂಗ್‌ಝೌ ಏಷ್ಯನ್ ಕ್ರೀಡೆಗಳಿಗಾಗಿ ಕಾದರು. 2023ರ ಪ್ರಶಸ್ತಿ 2024ರ ಜನವರಿ 9ರಂದು, 2024ರ ಪ್ರಶಸ್ತಿ 2025ರ ಜನವರಿ 17ರಂದು ಕೈಸೇರಿದವು. “ಹುಟ್ಟುಹಬ್ಬ ಆಗಸ್ಟಿನಲ್ಲಿ, ಹೋಳಿಗೆ ಸಂಕ್ರಾಂತಿಗೆ” ಎಂದು ತಂದೆಯವರು ಗೊಣಗಿದರು.

ಹೆಸರುಗಳ ವಿಚಾರಕ್ಕೆ ಬರುತ್ತೇನೆ. ಅದು ನನ್ನ ಕಸುಬಿನ ಹತ್ತಿರದ್ದು. ಅರ್ಜುನನ ಹೆಸರಿನಲ್ಲಿ ಆಟಗಾರನಿಗೆ, ದ್ರೋಣನ ಹೆಸರಿನಲ್ಲಿ ಗುರುವಿಗೆ ಎಂದು ದೆಹಲಿಯಲ್ಲಿ ತೀರ್ಮಾನಿಸಿದವರು ಮಹಾಭಾರತವನ್ನು ಚೆನ್ನಾಗಿ ಓದಿಕೊಂಡವರೇ ಇರಬೇಕು. ಆದರೆ ಆ ಇಬ್ಬರ ನಡುವೆ ಇನ್ನೊಬ್ಬನ ಕತೆಯಿದೆ. ಗುರುವಿನ ಮಣ್ಣಿನ ಪ್ರತಿಮೆಯೆದುರು ತಾನೇ ಕಲಿತ ಕಾಡಿನ ಹುಡುಗ ತನ್ನನ್ನು ಮೀರಿಸುವುದನ್ನು ಕಂಡು ಅರ್ಜುನ ಗುರುವಿನಲ್ಲಿ ಮುನಿಸಿಕೊಳ್ಳುತ್ತಾನೆ. ಗುರು ಹೋಗಿ ಹುಡುಗನ ಬಲಗೈಯ ಹೆಬ್ಬೆರಳನ್ನು ದಕ್ಷಿಣೆಯಾಗಿ ಬೇಡುತ್ತಾನೆ. ನಮ್ಮ ಕರ್ನಾಟಕ ಸರ್ಕಾರ ತನ್ನ ಕ್ರೀಡಾಪ್ರಶಸ್ತಿಗೆ ಹೆಸರಿಡುವಾಗ ಆರಿಸಿಕೊಂಡದ್ದು ಈ ಹುಡುಗನನ್ನು. ಹರಿಯಾಣದವರು ಕುಸ್ತಿಯ ನಾಡಿಗೆ ತಕ್ಕಂತೆ ಭೀಮನ ಹೆಸರಿಟ್ಟರು. ನಾವು ಏಕಲವ್ಯನ ಹೆಸರಿಟ್ಟೆವು. ಬುದ್ಧಿಪೂರ್ವಕವಾಗಿಯೋ ಆಕಸ್ಮಿಕವಾಗಿಯೋ ತಿಳಿಯದು, ಆದರೆ ಪಂಪನು ಅರ್ಜುನನನ್ನೇ ಕಥಾನಾಯಕನನ್ನಾಗಿ ಮಾಡಿ 941ರಲ್ಲಿ ಕಾವ್ಯ ಬರೆದ ನುಡಿಯ ನಾಡಿನಲ್ಲಿ ಹೀಗಾದುದು ನನಗೆ ಸಂತೋಷದ ಸಂಗತಿ. ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬ ಕೇಳಿದ: “ಸಾರ್, ರಾಜ್ಯದಲ್ಲಿ ಏಕಲವ್ಯನಾದವನು ದೆಹಲಿಗೆ ಹೋದರೆ ಅರ್ಜುನನಾಗಿಬಿಡುತ್ತಾನಲ್ಲ, ಹೆಬ್ಬೆರಳು ವಾಪಸು ಬರುತ್ತದೆಯೇ?” ಆ ಹುಡುಗ ಆಂತರಿಕ ಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಒಂಬತ್ತು ತೆಗೆದವನು.

ಏಕಲವ್ಯನ ಬೆರಳಿನ ಮಾತು ಬಂದುದರಿಂದ ಹೇಳುತ್ತೇನೆ. ಹೆಬ್ಬೆರಳು ಹೋದ ಮೇಲೆಯೂ ಅವನು ಉಳಿದ ಬೆರಳುಗಳಿಂದ ಬಾಣ ಬಿಟ್ಟನೆಂದೂ ಆದರೆ ಮೊದಲಿನ ವೇಗ ಇರಲಿಲ್ಲವೆಂದೂ ವ್ಯಾಸರು ಬರೆಯುತ್ತಾರೆ. ಕತೆ ಅಲ್ಲಿಗೆ ನಿಲ್ಲುತ್ತದೆ. ನಮ್ಮ ಕಾಲದಲ್ಲಿ ಅದು ಮುಂದುವರಿದಿದೆ. ಮೈಸೂರಿನಲ್ಲಿ 1945ರಲ್ಲಿ ಹುಟ್ಟಿದ ಬಿ.ಎಸ್. ಚಂದ್ರಶೇಖರ್ ಅವರ ಬಲಗೈ ಪೋಲಿಯೋದಿಂದ ಸೊರಗಿತ್ತು. ಅದೇ ಕೈಯಿಂದ ಚೆಂಡೆಸೆದು 1971ರಲ್ಲಿ ಓವಲ್ ಮೈದಾನದಲ್ಲಿ 38 ರನ್ನಿಗೆ ಆರು ವಿಕೆಟ್ ಉರುಳಿಸಿ, 1972ರ ಅರ್ಜುನ ಪ್ರಶಸ್ತಿ ಪಡೆದರು. ನಮ್ಮವರೇ ಆದ ಮಾಲತಿ ಹೊಳ್ಳ ಕೂಸಾಗಿದ್ದಾಗಲೇ ಪೋಲಿಯೋಗೆ ಗುರಿಯಾಗಿ ಗಾಲಿಕುರ್ಚಿಯಿಂದಲೇ ಅರ್ಜುನ ಪ್ರಶಸ್ತಿಯನ್ನು ತಲುಪಿದರು. ಹಾಸನ ಜಿಲ್ಲೆಯ ಗಿರೀಶ, ಒಂದು ಕಾಲಿನ ಊನದೊಡನೆ 2012ರ ಲಂಡನ್ ಪ್ಯಾರಾಲಿಂಪಿಕ್ಸಿನಲ್ಲಿ 1.74 ಮೀಟರು ಎತ್ತರ ಹಾರಿ ಬೆಳ್ಳಿ ತಂದರು. ಅರ್ಜುನ ಬಂದದ್ದು 2014ರಲ್ಲಿ.

ಆದರೆ ಈ ಸಮಾರಂಭಗಳಲ್ಲೆಲ್ಲ ನನ್ನ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತದ್ದು 2024ರ ಜನವರಿ 9ರದು. ಅಂದು ಬಂದವಳು ಜಮ್ಮು-ಕಾಶ್ಮೀರದ ಕಿಶ್ತವಾಡದ ಶೀತಲ್ ದೇವಿ. ಹುಟ್ಟಿನಿಂದಲೇ ಎರಡು ತೋಳುಗಳಿಲ್ಲ. ಬಲಗಾಲಿನಿಂದ ಬಿಲ್ಲನ್ನು ಎತ್ತಿ ಹಿಡಿದು, ಭುಜದಿಂದ ಹೆದೆಯೆಳೆದು, ದವಡೆಯ ಬಲದಿಂದ ಬಾಣ ಬಿಡುವ ಹುಡುಗಿ. ಹಾಂಗ್‌ಝೌ ಪ್ಯಾರಾ ಏಷ್ಯನ್ ಕ್ರೀಡೆಗಳಲ್ಲಿ ಎರಡು ಚಿನ್ನ, ಒಂದು ಬೆಳ್ಳಿ. ಮರುದಿನಕ್ಕೆ ಅವಳಿಗೆ ಹದಿನೇಳು ತುಂಬುವುದಿತ್ತು. ತೋಳಿಲ್ಲದ ಬಿಲ್ಲುಗಾರ್ತಿಗೆ ಅರ್ಜುನನ ಹೆಸರಿನ ಪ್ರಶಸ್ತಿ. ಪ್ರತಿಮೆಯೂ ಬಿಲ್ಲು ಹೂಡಿದ ಬಿಲ್ಲಾಳಿನದು. ಕೊಟ್ಟ ರಾಷ್ಟ್ರಪತಿಗಳ ಹೆಸರು ದ್ರೌಪದಿ. ಇಷ್ಟನ್ನು ಒಬ್ಬ ಕವಿ ಒಂದೇ ಪದ್ಯದಲ್ಲಿ ತಂದಿದ್ದರೆ, ಕಲ್ಪನೆ ಅತಿಯಾಯಿತೆಂದು ನಾನೇ ಅಂಚಿನಲ್ಲಿ ಗೆರೆ ಎಳೆಯುತ್ತಿದ್ದೆ. ನಮ್ಮ ಅಕ್ಕನ ಮಗಳು, ಆಗ ಆರನೆಯ ತರಗತಿ, ಪಕ್ಕದಲ್ಲಿ ಕುಳಿತಿದ್ದವಳು, “ಮಾವ, ಕೈಯಿಲ್ಲದಿದ್ದರೆ ಅವಳು ಅದನ್ನು ಹೇಗೆ ತೆಗೆದುಕೊಳ್ತಾಳೆ?” ಎಂದು ಕೇಳಿದಳು. ನಾನು ಉತ್ತರ ಹುಡುಕುವಷ್ಟರಲ್ಲಿ ತಂದೆಯವರು ಕನ್ನಡಕ ತೆಗೆದು ಒರೆಸತೊಡಗಿದ್ದರು.

ಈ ಸಮಾರಂಭದ ಇನ್ನೊಂದು ವಿಶೇಷ ಅದರ ಮೌನ. ಇಂಗ್ಲೆಂಡಿನ ಬಿ.ಬಿ.ಸಿ.ಯವರು 1954ರಿಂದ ವರ್ಷದ ಶ್ರೇಷ್ಠ ಕ್ರೀಡಾಪಟುವನ್ನು ಆರಿಸಿ ದೂರದರ್ಶನದಲ್ಲಿ ಸನ್ಮಾನಿಸುತ್ತ ಬಂದಿದ್ದಾರೆ. ಅಮೆರಿಕದಲ್ಲಿ ಎಸ್ಪಿ ಎಂಬ ಪ್ರಶಸ್ತಿಗಳು 1993ರಲ್ಲಿ ಆರಂಭವಾದವು. ಮೊದಲ ವರ್ಷವೇ ಜಿಮ್ ವಾಲ್ವಾನೋ ಎಂಬ ಬ್ಯಾಸ್ಕೆಟ್‌ಬಾಲ್ ಗುರು, ಕ್ಯಾನ್ಸರಿನಿಂದ ಜರ್ಜರಿತನಾಗಿ ವೇದಿಕೆಯೇರಿ ಮಾಡಿದ ಭಾಷಣವನ್ನು ಅಲ್ಲಿಯ ಜನ ಇಂದಿಗೂ ನೆನೆಯುತ್ತಾರೆ. ಎರಡು ತಿಂಗಳು ತುಂಬುವ ಮೊದಲೇ ಆತ ತೀರಿಕೊಂಡ. ಅಲ್ಲಿ ಗೆದ್ದವರು ಮಾತನಾಡುತ್ತಾರೆ. ನಮ್ಮಲ್ಲಿ ಗೆದ್ದವರು ನಮಸ್ಕರಿಸುತ್ತಾರೆ. ಯಾವುದು ಮೇಲೆಂದು ನಾನು ಹೇಳಲಾರೆ. ಹಾಗಿದ್ದರೂ ಮೂವತ್ತು ಮಂದಿ ಸಾಲಾಗಿ ಮಾತಿಲ್ಲದೆ ಬಂದುಹೋಗುವಾಗ, ಇವರಲ್ಲಿ ಒಬ್ಬರಿಗಾದರೂ ಎರಡು ನಿಮಿಷ ಕೊಟ್ಟಿದ್ದರೆ ಏನು ಹೇಳುತ್ತಿದ್ದರೋ ಎಂದು ಅನ್ನಿಸದೆ ಇರುವುದಿಲ್ಲ.

ಕೆಲವರು ಬಾರದೆಯೂ ಮಾತನಾಡಿದ್ದಾರೆ. ಮಿಲ್ಖಾ ಸಿಂಗರಿಗೆ ಅರ್ಜುನ ಪ್ರಶಸ್ತಿಯನ್ನು ಕೊಡಹೊರಟದ್ದು 2001ರಲ್ಲಿ, ಅವರು ರೋಮ್ ಒಲಿಂಪಿಕ್ಸಿನಲ್ಲಿ ಓಡಿ ನಾಲ್ವತ್ತೊಂದು ವರ್ಷಗಳಾದ ಮೇಲೆ. ಬೇಡವೆಂದುಬಿಟ್ಟರು. ಇನ್ನೂ ನೋಯಿಸುವಂಥದು 2023ರ ಡಿಸೆಂಬರ್ 30ರ ಪ್ರಸಂಗ. ಕುಸ್ತಿ ಒಕ್ಕೂಟದ ಆಡಳಿತದ ವಿರುದ್ಧ ತಿಂಗಳುಗಟ್ಟಲೆ ಪ್ರತಿಭಟಿಸುತ್ತಿದ್ದ ವಿನೇಶ್ ಫೋಗಟ್ ತನ್ನ ಖೇಲ್ ರತ್ನವನ್ನೂ ಅರ್ಜುನವನ್ನೂ ಹಿಂದಿರುಗಿಸಲು ಹೊರಟು, ಪೊಲೀಸರು ತಡೆದಾಗ ಕರ್ತವ್ಯಪಥದ ನೆಲದ ಮೇಲೆ ಇಟ್ಟು ಹೋದಳು. ಆ ಹಾದಿಯ ಒಂದು ತುದಿಯಲ್ಲಿಯೇ ರಾಷ್ಟ್ರಪತಿ ಭವನ. ಹತ್ತು ದಿನ ಕಳೆಯುವಷ್ಟರಲ್ಲಿ ಅಲ್ಲಿ, ನಾನು ಮೇಲೆ ಹೇಳಿದ, ಶೀತಲ್ ದೇವಿ ಬಂದ ಸಮಾರಂಭ ನಡೆಯಿತು. ಎರಡು ಚಿತ್ರಗಳನ್ನೂ ನಮಗೆ ತೋರಿಸಿದ್ದು ದೂರದರ್ಶನದ ಒಂದೇ ಪೆಟ್ಟಿಗೆ. ವಿದುರನಿಗೂ ಇಂಥ ದಿನಗಳಲ್ಲಿ ಸ್ವರ ಇಳಿಯುತ್ತಿತ್ತೇನೋ.

2024ರ ಪಟ್ಟಿಯ ವಿಷಯದಲ್ಲಿಯೂ ಗದ್ದಲವಾಯಿತು. ಪ್ಯಾರಿಸ್ಸಿನಲ್ಲಿ ಎರಡು ಕಂಚು ಗೆದ್ದು, ಸ್ವತಂತ್ರ ಭಾರತದಲ್ಲಿ ಒಂದೇ ಒಲಿಂಪಿಕ್ಸಿನಿಂದ ಎರಡು ಪದಕ ತಂದ ಮೊದಲಿಗಳೆನಿಸಿದ ಮನು ಭಾಕರ್ ಅವರ ಹೆಸರು ಖೇಲ್ ರತ್ನದ ಶಿಫಾರಸಿನಲ್ಲಿ ಇಲ್ಲವೆಂದು ಡಿಸೆಂಬರಿನಲ್ಲಿ ಸುದ್ದಿ ಹಬ್ಬಿತು. ಅರ್ಜಿ ಸಲ್ಲಿಕೆಯಾಗಿತ್ತೇ ಇಲ್ಲವೇ ಎಂಬುದೇ ಚರ್ಚೆಯ ಮುಖ್ಯ ವಿಷಯ! ಕೊನೆಗೆ ಹೊಸವರ್ಷದ ಎರಡನೆಯ ದಿನ ಪ್ರಕಟವಾದ ಪಟ್ಟಿಯಲ್ಲಿ ಚದುರಂಗದ ಗುಕೇಶ್, ಹಾಕಿಯ ಹರ್ಮನ್‌ಪ್ರೀತ್ ಸಿಂಗ್, ಪ್ಯಾರಾ ಎತ್ತರ ಜಿಗಿತದ ಪ್ರವೀಣ್ ಕುಮಾರ್ ಇವರೊಡನೆ ಆಕೆಯ ಹೆಸರೂ ಇದ್ದಿತು. ತಂದೆಯವರಿಗೆ ಪಟ್ಟಿಗಿಂತ ಅರ್ಜಿಯ ವಿಚಾರ ಮನಸ್ಸಿಗೆ ನಾಟಿತು. “ಮರ್ಯಾದೆಗೂ ಅರ್ಜಿಯೇ? ರೇಷನ್ ಕಾರ್ಡಿಗೆ ಹಾಕಿದ ಹಾಗೆ?” ಎಂದರು. ಸೇವೆಯಲ್ಲಿದ್ದಾಗ ಉತ್ತಮ ಶಿಕ್ಷಕ ಪ್ರಶಸ್ತಿಗೆ ಅರ್ಜಿ ಬರೆಯಿರೆಂದು ಮುಖ್ಯೋಪಾಧ್ಯಾಯರು ಮೂರು ಸಲ ಹೇಳಿದ್ದರಂತೆ. ಮೂರು ಸಲವೂ ಇವರು ಆ ನಮೂನೆಯ ಹಿಂಬದಿಯಲ್ಲಿ ಕಬಡ್ಡಿ ತಂಡದ ಹೆಸರು ಬರೆದರಂತೆ.

2025ರ ಜನವರಿ 17, ಶುಕ್ರವಾರ. ಅಂದಿನ ಪ್ರಸಾರವನ್ನು ಮನೆಯವರೆಲ್ಲರೂ ಕುಳಿತು ನೋಡಿದೆವು, ಆದರೆ ಯಾರ ಮನಸ್ಸೂ ದೆಹಲಿಯಲ್ಲಿ ಇರಲಿಲ್ಲ. ಸಂಕ್ರಾಂತಿಗೆ ಬಂದಿದ್ದ ಅಕ್ಕ ಒಂದು ಅರ್ಜಿಯ ಸಲುವಾಗಿ ಉಳಿದುಕೊಂಡಿದ್ದಳು. ಅವಳ ಮಗಳು, ಹಿಂದಿನ ವರ್ಷ ಕೈಯಿಲ್ಲದವಳ ಬಗ್ಗೆ ಪ್ರಶ್ನೆ ಕೇಳಿದ್ದವಳು, ಉದ್ದಜಿಗಿತದಲ್ಲಿ 4.20 ಮೀಟರು ಹಾರಿ, ಎಂಟನೆಯ ತರಗತಿಗೆ ಜಿಲ್ಲಾ ಕ್ರೀಡಾ ವಸತಿನಿಲಯ ಸೇರುವ ಅವಕಾಶ ಪಡೆದಿದ್ದಳು. ಸೇರಿಸುವುದೋ ಬೇಡವೋ ಎಂಬುದು ಪ್ರಶ್ನೆ. ಭಾವನವರು ಸಹಕಾರಿ ಬ್ಯಾಂಕಿನಲ್ಲಿರುವವರು. ಸಾಲ ಮಂಜೂರು ಮಾಡುವಾಗಲೂ ಸ್ಪಷ್ಟವಾಗಿ ಹೂಂ ಅನ್ನದವರು. “ಮಾವನವರು ಹೇಳಿದ ಹಾಗೆ ಆಗಲಿ” ಎಂದು ಫೋನಿನಲ್ಲಿ ಹೇಳಿ ಕೈತೊಳೆದುಕೊಂಡಿದ್ದರು.

ಮೂವತ್ತೊಂದು ವರ್ಷ ಮಕ್ಕಳನ್ನು ಓಡಿಸಿದವರು, ಮೊಮ್ಮಗಳ ಹೆಸರು ಬಂದಾಗ ಕುಣಿದಾಡುವರೆಂದು ನಾವೆಲ್ಲ ಎಣಿಸಿದ್ದೆವು. ತಂದೆಯವರು “ಬೇಡ” ಎಂದರು.

ನನಗೆ ಆಶ್ಚರ್ಯವಾಯಿತು. ಅಕ್ಕನಿಗಂತೂ, ಬೇಡವೆನ್ನಬೇಕೆಂದೇ ಬಂದವಳಿಗೆ, ತನ್ನ ಮಾತನ್ನು ಬೇರೆಯವರು ಕದ್ದಂತೆ ಸಿಟ್ಟು ಬಂದಿತು. “ಯಾಕಪ್ಪಾ ಬೇಡ? ಊರಿನ ಮಕ್ಕಳನ್ನೆಲ್ಲ ಮೈದಾನಕ್ಕೆ ಎಳೆದುಕೊಂಡು ಹೋದಿರಿ, ಸ್ವಂತ ಮೊಮ್ಮಗಳಿಗೆ ಮಾತ್ರ ಬೇಡವೇ?” ಎಂದಳು.

ತಂದೆಯವರು ಉತ್ತರ ಕೊಡದೆ ಒಳಗೆ ಹೋಗಿ ಟ್ರಂಕಿನಿಂದ ತಮ್ಮ ಪುಸ್ತಕಗಳನ್ನು ತಂದರು. ಹಳೆಯ ಹಾಜರಿ ಪುಸ್ತಕಗಳು, ರಟ್ಟಿಗೆ ಬಟ್ಟೆಯ ಅಂಚು. ಅವರ ಕೈಕೆಳಗೆ ಹೋಬಳಿಮಟ್ಟವನ್ನು ದಾಟಿದ ಪ್ರತಿಯೊಂದು ಮಗುವಿನ ಹೆಸರು, ವರ್ಷ, ಆಟ, ದೂರ ಅಥವಾ ಕಾಲ. ಕೊನೆಯ ಅಂಕಣದಲ್ಲಿ ಪೆನ್ಸಿಲಿನಿಂದ, ಈಗ ಏನು ಮಾಡುತ್ತಿದ್ದಾರೆ ಎಂಬುದು. ಪೆನ್ಸಿಲೇಕೆಂದರೆ ಅದನ್ನು ಆಗಾಗ ಅಳಿಸಿ ಬರೆಯಬೇಕಾಗುತ್ತದೆ. 1500 ಮೀಟರಿನಲ್ಲಿ ರಾಜ್ಯಮಟ್ಟಕ್ಕೆ ಹೋದ ಹುಡುಗ ಬಸ್ ಕಂಡಕ್ಟರು. ಕಬಡ್ಡಿಯ ಇಬ್ಬರು ಪೊಲೀಸ್ ಇಲಾಖೆಯಲ್ಲಿ. ಅವರ ಹೆಸರಿಗೆ ಎರಡು ಗೆರೆ. ಭರ್ಜಿ ಎಸೆಯುತ್ತಿದ್ದ ಹುಡುಗಿ, ಭುಜ ನೊಂದು, ಪರೀಕ್ಷೆಯೂ ಹೋಗಿ, ಹದಿನೆಂಟಕ್ಕೆ ಮದುವೆ. ಎತ್ತರ ಜಿಗಿತದವನ ಮುಂದೆ ಏನೂ ಬರೆದಿರಲಿಲ್ಲ. ಖಾಲಿ ಜಾಗದಲ್ಲಿ ಅಳಿಸಿದ ಗುರುತು ಮಾತ್ರ ಇದ್ದಿತು.

ಪರದೆಯ ಮೇಲೆ ಅರ್ಜುನ ಪ್ರಶಸ್ತಿ ಪಡೆಯುವವರ ಸಾಲು ನಡೆದಿತ್ತು. ಆ ವರ್ಷ ಮೂವತ್ತೆರಡು ಮಂದಿ, ಅವರಲ್ಲಿ ಹದಿನೇಳು ಮಂದಿ ಪ್ಯಾರಾ ಕ್ರೀಡಾಪಟುಗಳು. “ಅಲ್ಲಿ ಮೂವತ್ತೆರಡು ಜನ” ಎಂದರು ತಂದೆಯವರು. “ಇದರಲ್ಲಿ ನಾನೂರ ಹದಿನಾರು. ನಾನು ಇವರಲ್ಲಿ ಒಬ್ಬರಿಗೂ ಸುಳ್ಳು ಹೇಳಲಿಲ್ಲ. ಆದರೆ ಗೆಲ್ಲದಿದ್ದರೆ ಏನು ಮಾಡ್ತೀಯೆ ಅಂತ ಒಬ್ಬರನ್ನೂ ಕೇಳೋ ಧೈರ್ಯ ಆಗಲಿಲ್ಲ. ಹೊರಗಿನ ಮಕ್ಕಳು, ಕಳಿಸಿಬಿಟ್ಟೆ. ಇವಳನ್ನು ಹಾಗೆ ಕಳಿಸೋಕಾಗಲ್ಲ.”

ನಾನು ಸುಮ್ಮನಿರಬಹುದಾಗಿತ್ತು. ಆದರೆ ಮೈದಾನದ ಪರವಾಗಿ ಮಾತನಾಡುವ ಕರ್ತವ್ಯ, ಮೈದಾನಕ್ಕೆ ಇಳಿಯದವನ ಪಾಲಿಗೆ ಬಂದಿತ್ತು. ಎಸ್.ಎಸ್.ಎಲ್.ಸಿ.ಯಲ್ಲಿ ತೊಂಬತ್ತು ಅಂಕ ಪಡೆದ ಮಕ್ಕಳೆಲ್ಲ ಏನಾಗಿದ್ದಾರೆಂದು ನಮ್ಮ ಕಾಲೇಜಿನಲ್ಲಿ ಯಾರಾದರೂ ಪುಸ್ತಕ ಇಟ್ಟಿದ್ದಾರೆಯೇ? ಇಟ್ಟಿದ್ದರೆ ಅದರಲ್ಲಿಯೂ ಪೆನ್ಸಿಲಿನಿಂದ ಅಳಿಸಿದ ಜಾಗಗಳು ಬೇಕಾದಷ್ಟು ಇರುತ್ತಿದ್ದವು. ಕಂಡಕ್ಟರನಾದವನು ಓಡದಿದ್ದರೆ ಏನಾಗುತ್ತಿದ್ದನೆಂದು ಅಪ್ಪನಿಗೆ ಗೊತ್ತೇ? ಇವನ್ನೆಲ್ಲ ನಾನು ತರಗತಿಯ ಧಾಟಿಯಲ್ಲಿ, ಸ್ವಲ್ಪ ಉದ್ದವಾಗಿಯೇ ಹೇಳಿದೆ. ನನ್ನ ಹೆಂಡತಿ ಮಧ್ಯದಲ್ಲಿ, “ಹಾಸ್ಟೆಲಿನಲ್ಲಿ ದಿನವೂ ಮೊಟ್ಟೆ ಕೊಡುತ್ತಾರೆಯೇ, ಅದನ್ನು ಯಾರಾದರೂ ಕೇಳಿದಿರಾ?” ಎಂದಳು. ಕೇಳಿರಲಿಲ್ಲ.

ಅಷ್ಟರಲ್ಲಿ ಪರದೆಯ ಮೇಲೆ ಮುರಳಿಕಾಂತ ಪೇಟ್ಕರರ ಹೆಸರು ಕೇಳಿಬಂದಿತು. 1965ರ ಯುದ್ಧದಲ್ಲಿ ಗುಂಡೇಟು ತಿಂದ ಯೋಧ. 1972ರಲ್ಲಿ ಹೈಡೆಲ್‌ಬರ್ಗಿನ ಪ್ಯಾರಾಲಿಂಪಿಕ್ಸಿನಲ್ಲಿ ಐವತ್ತು ಮೀಟರಿನ ಈಜಿನಲ್ಲಿ ಚಿನ್ನ ಗೆದ್ದು, ನಮ್ಮ ದೇಶಕ್ಕೆ ಪ್ಯಾರಾಲಿಂಪಿಕ್ಸಿನ ಮೊದಲ ಚಿನ್ನ ತಂದವರು. ಜೀವಮಾನದ ಸಾಧನೆಗಾಗಿ ಅರ್ಜುನ ಪ್ರಶಸ್ತಿ ಅವರನ್ನು ತಲುಪಲು ಐವತ್ತೆರಡು ವರ್ಷ ಬೇಕಾಯಿತು. ಎಂಬತ್ತನ್ನು ದಾಟಿದ ಆ ಹಿರಿಯರು ಮುಂದೆ ಬಂದಾಗ ನಾವೆಲ್ಲರೂ ವಾದವನ್ನು ನಿಲ್ಲಿಸಿ ನೋಡಿದೆವು. ತಂದೆಯವರು ಕುರ್ಚಿಯಿಂದ ಎದ್ದು ನಿಂತರು. ನಮ್ಮ ಮನೆಯ ಚಿಕ್ಕ ಹಜಾರದಲ್ಲಿ, ಲುಂಗಿಯುಟ್ಟುಕೊಂಡು, ದೂರದರ್ಶನದ ಪೆಟ್ಟಿಗೆಯೆದುರು.

ಹುಡುಗಿಯನ್ನು ಇದುವರೆಗೆ ಯಾರೂ ಏನೂ ಕೇಳಿರಲಿಲ್ಲವೆಂಬುದು ಆಗ ತಂದೆಯವರಿಗೇ ಹೊಳೆಯಿತು. “ಏನೇ ಪುಟ್ಟಿ, ಗೆಲ್ಲದೆ ಹೋದರೆ ಏನು ಮಾಡ್ತೀಯೆ?” ಎಂದರು. ನಾನೂರ ಹದಿನಾರು ಮಂದಿಯನ್ನು ಕೇಳದಿದ್ದ ಪ್ರಶ್ನೆ.

ಅವಳು ಸ್ವಲ್ಪ ಯೋಚಿಸಿ, “ಗೊತ್ತಿಲ್ಲ ತಾತ. ಅಂಜು ಬಾಬಿ ಜಾರ್ಜ್ ಪ್ಯಾರಿಸ್ಸಲ್ಲಿ 6.70 ಹಾರಿದ್ದು, ನನಗಿನ್ನೂ ಎರಡೂವರೆ ಮೀಟರು ಬೇಕು” ಎಂದಳು. ಅಂಜು 2003ರಲ್ಲಿ ವಿಶ್ವ ಅಥ್ಲೆಟಿಕ್ಸಿನಲ್ಲಿ ಭಾರತಕ್ಕೆ ಮೊದಲ ಪದಕ ತಂದವರು. ಅವರ ಪತಿಯೇ ಅವರ ಗುರು, ಮನೆಯಲ್ಲಿ ಅರ್ಜುನವೂ ಉಂಟು, ದ್ರೋಣಾಚಾರ್ಯವೂ ಉಂಟು. ಬೆಂಗಳೂರಿನಲ್ಲಿ ಮಕ್ಕಳನ್ನು ತಯಾರು ಮಾಡುತ್ತಿದ್ದಾರೆ. ಅವರ ಶಿಷ್ಯೆ ಶೈಲಿ ಸಿಂಗ್ 2021ರಲ್ಲಿ ನೈರೋಬಿಯ ಕಿರಿಯರ ವಿಶ್ವಕೂಟದಲ್ಲಿ 6.59 ಹಾರಿ ಬೆಳ್ಳಿ ಪಡೆದದ್ದನ್ನೂ ಹುಡುಗಿ ಹೇಳಿದಳು. ಇಷ್ಟು ಅಂಕಿಗಳು ಅವಳಿಗೆ ಗಣಿತದಲ್ಲಿ ನೆನಪಿರುವುದಿಲ್ಲವೆಂದು ಅಕ್ಕ ಅಂದಳು. ತಂದೆಯವರು ಮಾತ್ರ “ಎರಡು ಐವತ್ತು” ಎಂದು ಮೆಲ್ಲನೆ ತಿದ್ದಿಕೊಂಡು, ಅದೇ ಹೌದೆಂದು ತಲೆಯಾಡಿಸಿದರು.

ಅಂದು ಏನೂ ತೀರ್ಮಾನವಾಗಲಿಲ್ಲ. ಆದರೆ ಭಾನುವಾರ ಬೆಳಗ್ಗೆ ಆರು ಗಂಟೆಯ ಬಸ್ಸಿಗೆ ತಂದೆಯವರು ಟೇಪನ್ನು ಚೀಲದಲ್ಲಿಟ್ಟುಕೊಂಡು ಅಕ್ಕನೊಡನೆ ವಸತಿನಿಲಯವನ್ನು ನೋಡಲು ಹೊರಟರು. ಸಂಜೆ ಬಂದಾಗ ಕೈಯಲ್ಲಿ ಒಂದು ಹಾಳೆ. ಮೊಟ್ಟೆ: ಉಂಟು. ಹುಡುಗಿಯರ ಸ್ನಾನದ ಮನೆಗಳಿಗೆ ಒಳಗಿನಿಂದ ಚಿಲಕ: ಎಲ್ಲಕ್ಕೂ ಉಂಟು, ಒಂದು ಸಡಿಲ. ಹಿಂದಿನ ಸಾಲಿನಲ್ಲಿ ಎಸ್.ಎಸ್.ಎಲ್.ಸಿ. ಪಾಸಾದವರು: ಒಬ್ಬಳ ಹೊರತು ಎಲ್ಲರೂ. ನೋವಾದರೆ ತೋರಿಸಲು ವೈದ್ಯರು: ವಾರಕ್ಕೊಮ್ಮೆ. ಜಿಗಿತದ ಗುಂಡಿ: ಅಳತೆ ಸರಿ, ಮರಳು ಸಾಲದು. ಈ ಕೊನೆಯದಕ್ಕೆ ಕೆಳಗೆ ಎರಡು ಗೆರೆ ಎಳೆದಿತ್ತು. ವಾರ್ಡನ್ನರ ಎದುರಿಗೇ ಗುಂಡಿಯಲ್ಲಿ ಕೈಯಿಳಿಸಿ, ಮೊಳದುದ್ದ ಹೋಗಬೇಕಾದದ್ದು ಗೇಣಿಗೆ ನಿಂತಿತೆಂದು ತೋರಿಸಿದರಂತೆ. ಅಕ್ಕನಿಗೆ ನಾಚಿಕೆಯಾಯಿತಂತೆ. ಮರಳು ತರಿಸುತ್ತೇವೆಂದು ಅವರು ಒಪ್ಪಿಕೊಂಡರಂತೆ. ತಂದೆಯವರು ಮುಂದಿನ ಭಾನುವಾರ ಅದನ್ನು ನೋಡಲು ಮತ್ತೆ ಹೋದರು. ಆ ಸಲ ಅರ್ಜಿಗೆ ಅಕ್ಕನ ಸಹಿ ಬಿದ್ದಿತು.

ಹುಡುಗಿ ಜೂನ್ ತಿಂಗಳಲ್ಲಿ ವಸತಿನಿಲಯ ಸೇರಿದಳು. ಭಾನುವಾರದ ಮಧ್ಯಾಹ್ನ ಅಲ್ಲಿಯ ಫೋನಿನಿಂದ ಮಾತನಾಡಲು ಬಿಡುತ್ತಾರೆ. ಅಕ್ಕ ಊಟದ ವಿಚಾರ ಕೇಳುತ್ತಾಳೆ. ನಾನು ಕನ್ನಡದ ಪಾಠ ಎಲ್ಲಿಗೆ ಬಂದಿತೆಂದು ಕೇಳುತ್ತೇನೆ. ತಂದೆಯವರು ಮರಳಿನ ವಿಚಾರ ಕೇಳುತ್ತಾರೆ. ಮೊದಲ ಮಳೆಗೆ ಅರ್ಧ ಕೊಚ್ಚಿಹೋಯಿತಂತೆ. ಮತ್ತೆ ಒಂದು ಗಾಡಿ ಹಾಕಿಸಿದ್ದಾರಂತೆ.